ಅಪ್ಪನ ಬಳಿ ಕುಳಿತ ಹೊತ್ತು ಯಾವ ಅಂಕಣಕ್ಕೆ ಸೇರಬೇಕು?

ವಿನೋಬನಗರದವಳು, ದಾವಣಗೆರೆ:

ಎಲ್ಲರಿಗೂ ವಂದನೆಗಳು. ದಿನಗಳು ಕೆಟ್ಟವಾಗಿರುವುದರಿಂದ ಕಾಲವನ್ನು ಬೆಲೆಯುಳ್ಳದ್ದೆಂದು ತಿಳಿದು ಬಳಸಿಕೊಳ್ಳಬೇಕು ಎಂದು ಬೈಬಲಿನಲ್ಲಿ ಪೌಲನು ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಹೇಳುವ ಮಾತಿನ ಮೇಲೆ ಈಚೆಗೆ ನಮ್ಮ ಕ್ರೈಸ್ತ ಸಭೆಯಲ್ಲಿ ಪ್ರಸಂಗವಾಯಿತು. ಪ್ರಸಂಗದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮರುವಾರ ಯೌವನಸ್ಥರ ಕೂಟದಲ್ಲಿ ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟರು. ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರ ತನಕ ಅರ್ಧ ಗಂಟೆಗೊಂದು ಸಾಲು. ಪ್ರತಿ ಸಾಲಿಗೂ ‘ದೇವರಿಗೆ’, ‘ಕೆಲಸಕ್ಕೆ’, ‘ವ್ಯರ್ಥ’ ಎಂಬ ಮೂರು ಅಂಕಣಗಳು. ವಾರವಿಡೀ ತುಂಬಿಸಿ ಭಾನುವಾರ ಮುಖಂಡರಿಗೆ ಒಪ್ಪಿಸಬೇಕು.

ನಾನು ಚಿತ್ರದುರ್ಗದ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ, ಮಾತೂ ಹೋಗಿದೆ. ಸಂಜೆ ಬಂದು ಮುಖ ತೊಳೆದು ಅವರ ಮಂಚದ ಪಕ್ಕ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅವರು ಎಡಗೈಯಿಂದ ಕಿಟಕಿಯ ಕಡೆ ತೋರಿಸಿ ಏನನ್ನೋ ಹೇಳಲು ಹೊರಡುತ್ತಾರೆ, ಮೊದಲ ಅಕ್ಷರಕ್ಕೇ ಮಾತು ನಿಲ್ಲುತ್ತದೆ. ಮಳೆಯೇ, ಎದುರುಮನೆಯವರೇ, ಹಾಲಿನವನೇ ಎಂದು ನಾನು ಒಂದೊಂದಾಗಿ ಕೇಳುತ್ತೇನೆ. ಅವರು ಅಲ್ಲವೆಂದು ತಲೆಯಾಡಿಸುತ್ತಾ ನನ್ನ ದಡ್ಡತನಕ್ಕೆ ನಗುತ್ತಾರೆ. ಈ ಹೊತ್ತನ್ನು ಎಲ್ಲಿ ಬರೆಯಬೇಕೆಂದು ತೋಚದೆ ಹಾಳೆಯಲ್ಲಿ ಖಾಲಿ ಬಿಟ್ಟಿದ್ದೆ. ಮುಖಂಡರು ಅದನ್ನು ‘ವ್ಯರ್ಥ’ಕ್ಕೆ ಸೇರಿಸಿ, ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, “ಬುಧವಾರದ ಪ್ರಾರ್ಥನಾ ಕೂಟಕ್ಕೆ ಸಮಯವಿಲ್ಲ ಎನ್ನುತ್ತೀರಲ್ಲ, ಸಮಯ ಇಲ್ಲಿದೆ ನೋಡಿ” ಎಂದು ಬರೆದು ಹಿಂದಿರುಗಿಸಿದರು. ನನಗೆ ಸಿಟ್ಟಿಗಿಂತ ಗೊಂದಲವೇ ಹೆಚ್ಚಾಗಿದೆ. ಕಾಲವನ್ನು ದೇವರಿಗಾಗಿ ಬಳಸುವುದೆಂದರೆ ಸಭೆಯ ಕಾರ್ಯಕ್ರಮಗಳಿಗೆ ಹೋಗುವುದು ಎಂದಷ್ಟೇ ಅರ್ಥವೇ?

ರಾತ್ರಿಪಾಳಿ ಸಿಸ್ಟರ್:

ವೇದಾಗಮ ಬಲ್ಲವರು ಆಮೇಲೆ ಬರೆಯಲಿ, ನಾನು ಆಸ್ಪತ್ರೆಯವಳಾಗಿ ಮೊದಲು ಹೇಳಿಬಿಡುತ್ತೇನೆ. ಬಹುತೇಕರಿಗೆ ಮಾತಿನ ಕೇಂದ್ರ ಮೆದುಳಿನ ಎಡಭಾಗದಲ್ಲಿರುವುದರಿಂದ, ಬಲಭಾಗಕ್ಕೆ ಲಕ್ವ ಹೊಡೆದವರಲ್ಲಿ ಮಾತು ಹೋಗುವುದು ಹೆಚ್ಚು. ಅಂಥವರನ್ನು ಆತುರಪಡಿಸದೆ, ಹೌದು ಅಥವಾ ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳನ್ನು ಕೇಳುತ್ತಾ ಮಾತಾಡಿಸಬೇಕೆಂದೇ ವಾಕ್‌ಚಿಕಿತ್ಸಕರು ಮನೆಯವರಿಗೆ ಹೇಳಿಕೊಡುತ್ತಾರೆ. ಯಾರೂ ಹೇಳಿಕೊಡದೆಯೇ ನೀವು ಅದನ್ನು ಮಾಡುತ್ತಿದ್ದೀರಿ. ‘ಕೆಲಸಕ್ಕೆ’ ಎಂದು ಬೇಕಾದರೂ ಬರೆಯಿರಿ ತಂಗಿ, ‘ವ್ಯರ್ಥ’ ಎಂದು ಬರೆದವರಿಗೆ ಒಂದು ದಿನ ನಮ್ಮ ವಾರ್ಡಿಗೆ ಬರಲು ಹೇಳಿ.

ಯೌವನಸ್ಥರ ಮುಖಂಡ, ಹರಿಹರ:

ನಾನು ಬೇರೆ ಸಭೆಯವನು, ಆದರೆ ಇಂಥದೇ ಹಾಳೆಯನ್ನು ನಮ್ಮಲ್ಲೂ ಹಂಚುತ್ತೇವೆ. ಆದ್ದರಿಂದ ಎದುರು ಪಕ್ಷದ ಮಾತನ್ನೂ ಯಾರಾದರೂ ಆಡಬೇಕು. ಸಹೋದರಿಯವರ ಹಾಳೆಯ ಮೇಲೆ ಹಾಗೆ ಬರೆದದ್ದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಒಂದು ಹಾಳೆಯನ್ನು ಒರಟಾಗಿ ಬಳಸಿದರೆಂದು ಲೆಕ್ಕ ಇಡುವುದನ್ನೇ ಹೀಯಾಳಿಸಬೇಡಿ. ಸಂಜೆ ಕಾಲೇಜಿನಿಂದ ಬಂದು ಮೊಬೈಲು ಹಿಡಿದ ಹುಡುಗ ಊಟಕ್ಕೆ ಕರೆಯುವ ತನಕ ರೀಲ್ಸ್ ನೋಡುತ್ತಾನೆ, ಊಟವಾದ ಮೇಲೆ ಮತ್ತೆ ನೋಡುತ್ತಾನೆ, ಕೇಳಿದರೆ ಓದಲು ಸಮಯವೇ ಸಿಗುವುದಿಲ್ಲ ಎನ್ನುತ್ತಾನೆ. ಅವನೇ ತನ್ನ ಕೈಯಾರೆ ಬರೆದು ನೋಡಿದಾಗ ಬಾಯಿ ಮುಚ್ಚುತ್ತದೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಬಹುಕಾಲದ ಮೇಲೆ ಬಂದ ದಣಿಯು ಆಳುಗಳಿಂದ ತಾನು ಒಪ್ಪಿಸಿ ಹೋಗಿದ್ದ ತಲಾಂತುಗಳ, ಅಂದರೆ ಹಣದ, ಲೆಕ್ಕ ಕೇಳಿದನೇ ಹೊರತು, ನಿಮ್ಮ ಮನಸ್ಸು ಚೆನ್ನಾಗಿತ್ತೇ ಎಂದು ವಿಚಾರಿಸಲಿಲ್ಲ. ನಾವು ಹೇಳುವುದು ಇಷ್ಟೇ: ಹಣದಲ್ಲಿ ದಶಮಾಂಶ ಕೊಡುವಂತೆ ದಿನದಲ್ಲೂ ಹತ್ತನೆಯ ಒಂದು ಪಾಲು, ಅಂದರೆ 2 ಗಂಟೆ 24 ನಿಮಿಷ, ಕರ್ತನಿಗೆ ಮೀಸಲಾಗಿರಲಿ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ಹರಿಹರದ ತಮ್ಮನ ಕಾಳಜಿ ಪ್ರಾಮಾಣಿಕವಾದದ್ದು, ಆದರೆ ಅವರು ತೆಗೆದ ವಚನಗಳ ಪಕ್ಕದಲ್ಲೇ ಬೇರೆ ವಚನಗಳೂ ಇವೆ. ಮೋಶೆಯ ಧರ್ಮಶಾಸ್ತ್ರ ದಶಮಾಂಶ ಕೇಳುವುದು ಹೊಲದ ಬೆಳೆಯಲ್ಲಿ, ಮರದ ಹಣ್ಣಿನಲ್ಲಿ, ದನಕುರಿಗಳಲ್ಲಿ. ಯಾಜಕಕಾಂಡದ 27ನೆಯ ಅಧ್ಯಾಯವನ್ನು ಓದಿ ನೋಡಿ, ಗಂಟೆ ನಿಮಿಷಗಳ ಮಾತು ಅಲ್ಲಿಲ್ಲ. ಪುದೀನ, ಸಬ್ಬಸಿಗೆ, ಜೀರಿಗೆಗಳಲ್ಲೂ ಹತ್ತರಲ್ಲೊಂದು ಪಾಲನ್ನು ತಪ್ಪದೆ ಎತ್ತಿಟ್ಟು ನ್ಯಾಯವನ್ನೂ ಕರುಣೆಯನ್ನೂ ನಂಬಿಕೆಯನ್ನೂ ಬಿಟ್ಟವರನ್ನು ಯೇಸು ಹೇಗೆ ಗದರಿಸಿದನೆಂಬುದು ಅದೇ ಮತ್ತಾಯನ 23ನೆಯ ಅಧ್ಯಾಯದಲ್ಲಿದೆ.

ಸಹೋದರಿಯ ಪ್ರಶ್ನೆಗೆ ನೇರ ಉತ್ತರ ಮಾರ್ಕನ 7ನೆಯ ಅಧ್ಯಾಯದಲ್ಲಿದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು, ಎಂದು ಹೇಳಿಬಿಟ್ಟರೆ ಮಗ ಆಮೇಲೆ ಅವರಿಗೆ ಏನನ್ನೂ ಮಾಡಬೇಕಾಗಿಲ್ಲ ಎಂಬ ಸಂಪ್ರದಾಯ ಆಗಿನ ಧಾರ್ಮಿಕ ಮುಖಂಡರಲ್ಲಿತ್ತು. ನಿಮ್ಮ ಸಂಪ್ರದಾಯದಿಂದ ದೇವರ ಮಾತನ್ನೇ ನಿರರ್ಥಕ ಮಾಡಿದ್ದೀರಿ ಎಂದು ಯೇಸು ಅವರಿಗೆ ಹೇಳಿದನು. ಆಗ ಮುಡಿಪಾದದ್ದು ಸೊತ್ತು, ಈಗ ಬುಧವಾರದ ಸಂಜೆ, ಅಷ್ಟೇ ವ್ಯತ್ಯಾಸ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 5ನೆಯ ಅಧ್ಯಾಯದ 4ನೆಯ ವಚನವಂತೂ ಮಕ್ಕಳು ಭಕ್ತಿಯನ್ನು ಮೊದಲು ಸ್ವಂತ ಮನೆಯಲ್ಲಿ ತೋರಿಸಿ ಹೆತ್ತವರ ಋಣ ತೀರಿಸಲು ಕಲಿಯಲಿ ಎನ್ನುತ್ತದೆ. ಅಪ್ಪನ ಮಂಚದ ಪಕ್ಕದ ಗಂಟೆಯನ್ನು ‘ದೇವರಿಗೆ’ ಎಂಬ ಅಂಕಣದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೊಡಿ.

ಹಳೇ ಗಿರಣಿಯವನು:

ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದಕ್ಕೆ ಆ ಹಾಳೆ ಮುಗಿಯುತ್ತದೆ ಎಂದಿರಿ. ರಾತ್ರಿ ಪಾಳಿ ಮಾಡುವವನು ಯಾವ ಹಾಳೆ ತುಂಬಬೇಕು?

ರಾತ್ರಿಪಾಳಿ ಸಿಸ್ಟರ್:

ಅಣ್ಣ, ಇದನ್ನೇ ನಾನು ಬರೆಯಬೇಕೆಂದಿದ್ದೆ. ಮುಂಜಾನೆ ನಾಲ್ಕಕ್ಕೆ ಎದ್ದು ಪ್ರಾರ್ಥಿಸದವರ ಆತ್ಮಿಕ ಜೀವನ ಸೊರಗುತ್ತದೆ ಎಂದು ಮಹಿಳಾ ಕೂಟದಲ್ಲಿ ಹೇಳುವಾಗಲೆಲ್ಲ ನಾನು ತಲೆತಗ್ಗಿಸಿ ಕೂರುತ್ತಿದ್ದೆ. ನಾಲ್ಕು ಗಂಟೆಗೆ ನಾನು ಎದ್ದೇ ಇರುತ್ತೇನೆ. ಆದರೆ ಒಬ್ಬರ ಡ್ರಿಪ್ ಬದಲಿಸುತ್ತಿರುತ್ತೇನೆ, ಇನ್ನೊಬ್ಬರ ಮಗ್ಗುಲು ತಿರುಗಿಸುತ್ತಿರುತ್ತೇನೆ. ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ಆಗಬಾರದೆಂದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸುವಾಗ ಆ ರೋಗಿಯ ಹೆಸರು ಹಿಡಿದು ಮನಸ್ಸಿನಲ್ಲೇ ಒಂದು ಸಾಲು ಪ್ರಾರ್ಥಿಸುತ್ತೇನೆ. ಅದನ್ನು ಕೂಟದಲ್ಲಿ ಹೇಳಿದರೆ, ಅದು ಸರಿ, ಆದರೆ ವೈಯಕ್ತಿಕ ಪ್ರಾರ್ಥನೆಯ ಸಮಯ ಯಾವುದು ಎಂದು ಕೇಳಿದರು.

ಹಳೇ ಗಿರಣಿಯವನು:

ನಮ್ಮ ಕಾಲದ್ದೊಂದು ಹೇಳುತ್ತೇನೆ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಮೂರು ಪಾಳಿಯಲ್ಲಿ ನಡೆಯುತ್ತಿದ್ದ ದಿನಗಳಲ್ಲಿ ಶನಿವಾರದ ರಾತ್ರಿ ಪಾಳಿ ಮುಗಿಸಿದವರು ಮನೆಗೂ ಹೋಗದೆ ನೇರವಾಗಿ ಭಾನುವಾರದ ಆರಾಧನೆಗೆ ಬರುತ್ತಿದ್ದರು. ತಲೆಗೂದಲಿನಲ್ಲಿ, ಹುಬ್ಬಿನ ಮೇಲೆ ಹತ್ತಿಯ ಎಳೆ ಹಾಗೇ ಅಂಟಿಕೊಂಡಿರುತ್ತಿತ್ತು. ಎರಡನೆಯ ಗೀತೆಯ ತನಕ ಹೇಗೋ ನಿಲ್ಲುತ್ತಿದ್ದರು; ಪ್ರಸಂಗಕ್ಕೆ ಕುಳಿತರೆ ಕುತ್ತಿಗೆ ವಾಲಿಬಿಡುತ್ತಿತ್ತು. ಹಿಂದಿನ ಬೆಂಚಿನ ಹಿರಿಯರೊಬ್ಬರು ಒಮ್ಮೆ ಹಾಗೆ ನಿದ್ದೆ ಹೋದವನ ಭುಜ ತಿವಿದು ಎಬ್ಬಿಸಲು ಹೋದಾಗ, ಅಯ್ಯನವರು ಪ್ರಸಂಗವನ್ನು ಅರ್ಧಕ್ಕೆ ನಿಲ್ಲಿಸಿ, “ಅವರನ್ನು ಬಿಡಿ, ನನಗಿಂತ ಹೆಚ್ಚು ದುಡಿದು ಬಂದಿದ್ದಾರೆ” ಎಂದರು. ಆಮೇಲೆ 127ನೆಯ ಕೀರ್ತನೆ ತೆರೆದು, ಬೇಗ ಎದ್ದು ತಡವಾಗಿ ಮಲಗಿ ಕಷ್ಟದ ಅನ್ನ ತಿನ್ನುವುದು ವ್ಯರ್ಥ ಎಂಬ ಮಾತನ್ನು ಓದಿದರು. ‘ವ್ಯರ್ಥ’ ಎಂಬ ಅಂಕಣಕ್ಕೆ ಕೀರ್ತನೆಗಾರ ಸೇರಿಸುವುದು ನಿದ್ರೆಗೆಟ್ಟ ದುಡಿಮೆಯನ್ನು. ಈಗಿನ ಮುಖಂಡರು ಇದನ್ನು ಗಮನಿಸಲಿ.

ಯೌವನಸ್ಥರ ಮುಖಂಡ, ಹರಿಹರ:

ಹಿರಿಯರು ನೆನಪಿಸಿಕೊಂಡದ್ದು ಮನಸ್ಸಿಗೆ ತಟ್ಟಿತು. ಆದರೆ ದುಡಿದು ದಣಿದವನ ನಿದ್ರೆಯನ್ನೂ ರಾತ್ರಿ ಎರಡರ ತನಕ ಮೊಬೈಲು ನೋಡಿದವನ ನಿದ್ರೆಯನ್ನೂ ಒಂದೇ ಚಾಪೆಯ ಮೇಲೆ ಮಲಗಿಸಬೇಡಿ. ಸೋಮಾರಿಯೇ, ಇರುವೆಯ ಬಳಿಗೆ ಹೋಗು ಎಂದು ಜ್ಞಾನೋಕ್ತಿ ಹೇಳುವುದೂ ಅದೇ ಬೈಬಲಿನಲ್ಲಿ. ನಮ್ಮ ದಿನಗಳನ್ನು ಎಣಿಸುವುದನ್ನು ಕಲಿಸು ಎಂದು ಮೋಶೆ 90ನೆಯ ಕೀರ್ತನೆಯಲ್ಲಿ ಬೇಡಿಕೊಂಡನಲ್ಲ, ಎಣಿಸದೆ ಕಲಿಯುವುದು ಹೇಗೆ?

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ಮೋಶೆ ಎಣಿಸಲು ಕೇಳಿದ್ದು ದಿನಗಳನ್ನು, ಅರ್ಧರ್ಧ ಗಂಟೆಗಳನ್ನಲ್ಲ. ಅದೇ ಕೀರ್ತನೆಯಲ್ಲಿ ಆಯುಷ್ಯ ಎಪ್ಪತ್ತು, ಬಲವಿದ್ದರೆ ಎಂಬತ್ತು ವರ್ಷ ಎಂಬ ಮಾತು ಮೊದಲು ಬರುತ್ತದೆ. ಎಣಿಕೆಯ ಬೇಡಿಕೆ ಆಮೇಲೆ. ನಾನು ಸಾಯುವವನು ಎಂಬ ಅರಿವಿನಿಂದ ಮನುಷ್ಯನಿಗೆ ವಿವೇಕ ಬರಲಿ ಎಂಬುದು ಅಲ್ಲಿನ ಆಶಯ. ತನ್ನ ಪ್ರಾಣಕ್ಕೆ ಬಹು ವರ್ಷಗಳ ಸರಕು ಕೂಡಿಟ್ಟಿದ್ದೇನೆಂದು ಕಣಜಗಳನ್ನು ಲೆಕ್ಕ ಹಾಕುತ್ತಾ ಕುಳಿತ ಐಶ್ವರ್ಯವಂತನೂ ಚೆನ್ನಾಗಿಯೇ ಎಣಿಸುತ್ತಿದ್ದನು. ಲೂಕನ 12ನೆಯ ಅಧ್ಯಾಯದಲ್ಲಿ ಆ ರಾತ್ರಿಯೇ ಅವನ ಲೆಕ್ಕ ಮುಗಿಯಿತು.

ಇನ್ನೊಂದು ಮಾತು. 1853ರಲ್ಲಿ ಬಾಸೆಲ್ ಮಿಷನ್ನಿನವರಾಗಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಕನ್ನಡದ ಪದಗಳನ್ನು ಕೂಡಿಸಿ ಅರ್ಥ ಬರೆದ ನಿಘಂಟು ಅಚ್ಚಾದದ್ದು 1894ರಲ್ಲಿ. ಸುವಾರ್ತೆ ಸಾರಲು ಬಂದವರು ಒಂದು ಪದಕ್ಕಾಗಿ ಹಳಗನ್ನಡದ ಓಲೆ ಹುಡುಕುತ್ತಾ ಕಳೆದ ಸಂಜೆಗಳನ್ನು ನಿಮ್ಮ ಹಾಳೆಯಲ್ಲಿ ಎಲ್ಲಿ ಬರೆಯುತ್ತೀರಿ?

ಯೌವನಸ್ಥರ ಮುಖಂಡ, ಹರಿಹರ:

‘ಕೆಲಸಕ್ಕೆ’ ಎಂಬ ಅಂಕಣದಲ್ಲಿ ಬರೆಯುತ್ತೇನೆ ಮೇಷ್ಟ್ರೇ, ಸಂಕೋಚವೇ ಇಲ್ಲ. ಕಿಟ್ಟೆಲರ ಬಳಿ ಶಿಸ್ತು ಇರದಿದ್ದರೆ ಆ ನಿಘಂಟು ‘ಅ’ ಅಕ್ಷರವನ್ನೂ ದಾಟುತ್ತಿರಲಿಲ್ಲ. ನನ್ನ ಪಕ್ಷಕ್ಕೇ ಸಾಕ್ಷಿ ಹೇಳಿಸಿದಿರಿ.

ದೋಸೆ ಹೋಟೆಲಿನವನು, ದಾವಣಗೆರೆ:

ನಿಮ್ಮೆಲ್ಲರ ಚರ್ಚೆಯನ್ನು ಓದುತ್ತಿದ್ದೇನೆ, ನನ್ನದು ಬೇರೆ ಬಗೆಯ ತೊಂದರೆ. ನಾನು ಬೆಣ್ಣೆದೋಸೆ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಲ್ಲುವವನು. ಭಾನುವಾರ ಬೆಳಿಗ್ಗೆ ನಮಗೆ ವಾರದಲ್ಲೇ ಹೆಚ್ಚು ಗಿರಾಕಿ. ಆರಾಧನೆಗೆ ರಜೆ ಕೇಳಿದರೆ ಮಾಲೀಕರು ಮಂಗಳವಾರ ಬೇಕಾದರೆ ತೆಗೆದುಕೊ ಎನ್ನುತ್ತಾರೆ, ಅವರದೂ ತಪ್ಪಲ್ಲ. ಸಬ್ಬತ್ ದಿನವನ್ನು, ಅಂದರೆ ದುಡಿಮೆ ಬಿಟ್ಟು ದೇವರಿಗೆ ಮೀಸಲಿಡಬೇಕಾದ ವಿಶ್ರಾಂತಿಯ ದಿನವನ್ನು, ಕಡೆಗಣಿಸುತ್ತಿದ್ದೀಯೆ ಎಂದು ನಮ್ಮ ಸಭೆಯ ಹಿರಿಯರು ನನಗೆ ಬುದ್ಧಿ ಹೇಳಿದ್ದಾರೆ. ಆರಾಧನೆ ಮುಗಿದ ಮೇಲೆ ಬೈಬಲನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಮಂದಿಯ ಸಮೇತ ನಮ್ಮ ಹೋಟೆಲಿಗೇ ಬಂದು, ಟೇಬಲ್ ಖಾಲಿಯಾಗುವ ತನಕ ಇತರರ ಕುರ್ಚಿಯ ಹಿಂದೆ ನಿಂತು, ದೋಸೆ ತಡವಾಯಿತೆಂದು ನನ್ನನ್ನೇ ಗದರಿಸಿ ಹೋಗುತ್ತಾರೆ. ಅವರು ಸಬ್ಬತ್ ಆಚರಿಸಲೆಂದು ನಾನು ಅದನ್ನು ಮುರಿಯಬೇಕಾಗಿದೆ.

ದುರ್ಗದ ಗೃಹಿಣಿ:

ಅಣ್ಣಾ, ಈ ಚರ್ಚೆಯಲ್ಲಿ ಇದಕ್ಕಿಂತ ಖಾರವಾದ ಮಾತನ್ನು ಇನ್ನು ಯಾರೂ ಬರೆಯಲಾರರು.

ವೇದಾಧ್ಯಯನದ ವಿದ್ಯಾರ್ಥಿ:

ಹೋಟೆಲಿನ ಅಣ್ಣನವರು ಎತ್ತಿದ ಪ್ರಶ್ನೆ ಬೈಬಲಿನಲ್ಲೇ ಇದೆ. ದಶಾಜ್ಞೆಗಳು ಎರಡು ಕಡೆ ಬರುತ್ತವೆ. ವಿಮೋಚನಕಾಂಡದ 20ನೆಯ ಅಧ್ಯಾಯ, ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿಕೊಂಡದ್ದನ್ನು ಸಬ್ಬತ್ತಿಗೆ ಕಾರಣವಾಗಿ ಕೊಡುತ್ತದೆ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯ ಕೊಡುವ ಕಾರಣ ಬೇರೆ: ನೀನು ಐಗುಪ್ತದಲ್ಲಿ ದಾಸನಾಗಿದ್ದೆ ಎಂಬುದನ್ನು ನೆನಪಿನಲ್ಲಿಟ್ಟುಕೊ, ಆದ್ದರಿಂದ ನಿನ್ನ ಗಂಡಾಳೂ ಹೆಣ್ಣಾಳೂ ಎತ್ತೂ ಕತ್ತೆಯೂ ನಿನ್ನ ಊರಿನಲ್ಲಿರುವ ಪರದೇಶಿಯೂ ನಿನ್ನಂತೆಯೇ ವಿಶ್ರಮಿಸಿಕೊಳ್ಳಲಿ. ನಮ್ಮ ಸೀಮೆಯ ಒಕ್ಕಲಿಗರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ, ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದೆಂಬ ಕಟ್ಟಳೆಯನ್ನು ಹಳ್ಳಿಗಳಲ್ಲಿ ತಲೆತಲಾಂತರದಿಂದ ಪಾಲಿಸುತ್ತಾ ಬಂದಿದ್ದಾರೆ. 1948ರ ಕಾರ್ಖಾನೆ ಕಾಯಿದೆಯೂ ವಾರಕ್ಕೊಂದು ರಜೆಯನ್ನು ಕಡ್ಡಾಯ ಮಾಡಿತು. ನಾನು ನನ್ನ ಕಾಲವನ್ನು ಹೇಗೆ ಬಳಸಿದೆ ಎಂದು ಕೇಳಿಕೊಳ್ಳುವವನು, ನನ್ನಿಂದಾಗಿ ಯಾರ ಕಾಲ ಹೋಯಿತು ಎಂದೂ ಕೇಳಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಆ ಹಾಳೆಯಲ್ಲಿ ಇದಕ್ಕೆ ಅಂಕಣವೇ ಇಲ್ಲ.

ಚನ್ನಗಿರಿ ತೋಟದವನು:

ಪುಸ್ತಕದಲ್ಲಿ ಓದಲು ಚೆನ್ನಾಗಿದೆ. ಅಡಿಕೆ ಗೊನೆ ಇಳಿಸಿದ ಮೇಲೆ ಹಸಿ ಕಾಯಿಯನ್ನು ಸುಲಿದು ಬೇಯಿಸಿ ಒಣಗಲು ಹಾಕುವ ತನಕ ಅದು ನಮಗಾಗಿ ಕಾಯುವುದಿಲ್ಲ, ಎರಡು ದಿನ ರಾಶಿ ಬಿದ್ದರೆ ಬಣ್ಣ ಕೆಟ್ಟು ದರ ಇಳಿಯುತ್ತದೆ. ಸುಗ್ಗಿಯ ಕಾಲದಲ್ಲಿ ನಾನು ಭಾನುವಾರವೂ ಒಲೆಯ ಮುಂದೆಯೇ ಇರುತ್ತೇನೆ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನವೆಂದು ಎತ್ತದೆ ಬಿಡುವಿರೇ ಎಂದು ಯೇಸು ಕೇಳಲಿಲ್ಲವೇ?

ವೇದಾಧ್ಯಯನದ ವಿದ್ಯಾರ್ಥಿ:

ಕೇಳಿದ್ದಾನೆ, ಲೂಕನ 14ನೆಯ ಅಧ್ಯಾಯದಲ್ಲಿದೆ. ಆದರೆ ಎತ್ತು ಬಾವಿಗೆ ಪ್ರತಿ ವರ್ಷ ಅದೇ ತಿಂಗಳಲ್ಲಿ ಬೀಳುವುದಿಲ್ಲ. ಉಳುವ ಕಾಲದಲ್ಲೂ ಕೊಯ್ಯುವ ಕಾಲದಲ್ಲೂ ಏಳನೆಯ ದಿನ ವಿಶ್ರಮಿಸಬೇಕೆಂದು ವಿಮೋಚನಕಾಂಡದ 34ನೆಯ ಅಧ್ಯಾಯದ 21ನೆಯ ವಚನ ಸುಗ್ಗಿಯನ್ನು ಹೆಸರಿಸಿಯೇ ಹೇಳುತ್ತದೆ. ಶುಕ್ರವಾರ, ಶನಿವಾರ ಗೊನೆ ಇಳಿಸದಿದ್ದರೆ ಭಾನುವಾರ ಸುಲಿಯಲು ರಾಶಿ ಎಲ್ಲಿರುತ್ತದೆ?

ಚನ್ನಗಿರಿ ತೋಟದವನು:

ಗೊನೆಗಾರ ಯಾವ ದಿನ ಸಿಗುತ್ತಾನೋ ಆ ದಿನ ನನಗೆ ಕೊಯ್ಲು. ಅವನು ನನ್ನ ಪಂಚಾಂಗ ನೋಡಿ ಬರುವವನಲ್ಲ, ನಾನೇ ಅವನ ಸರದಿ ಕಾಯಬೇಕು. ಸುಲಿಯಲು ಬರುವ ಹೆಂಗಸರು ಕ್ರೈಸ್ತರಲ್ಲ, ಅವರಿಗೆ ಬಿಡುವು ಬೇಕಾದದ್ದು ಸಂತೆಯ ದಿನ. ಸಂತೆಯ ದಿನ ನಾನು ಯಾರನ್ನೂ ಕೆಲಸಕ್ಕೆ ಕರೆಯುವುದಿಲ್ಲ. ನೀವೇ ಹೇಳಿದ ಧರ್ಮೋಪದೇಶಕಾಂಡದ ಪ್ರಕಾರ ನಾನು ಆಜ್ಞೆಯನ್ನು ಮೀರಿದೆನೋ ಪಾಲಿಸಿದೆನೋ, ತೋಟ ಮಾಡಿ ಗೊತ್ತಿರುವವರು ಯಾರಾದರೂ ತೀರ್ಪು ಕೊಡಲಿ.

ದುರ್ಗದ ಗೃಹಿಣಿ:

ತೋಟದವರ ಮಾತಿನಲ್ಲಿ ಒಂದು ಸತ್ಯವಿದೆ: ಹೊತ್ತು ಎಲ್ಲರ ಕೈಯಲ್ಲೂ ಒಂದೇ ರೀತಿ ಇರುವುದಿಲ್ಲ. ಪ್ರಸಂಗ ಮಾಡುವವರಿಗೆ ಅದು ತಿಳಿಯುವುದು ಕಡಿಮೆ. ನಮ್ಮ ಬೀದಿಯಲ್ಲಿ ನಲ್ಲಿ ನೀರು ಬರುವುದು ಕೆಲವು ದಿನಗಳಿಗೊಮ್ಮೆ, ಅದೂ ಇಂಥ ಗಂಟೆಗೆಂದು ಹೇಳುವ ಹಾಗಿಲ್ಲ. ನೀರು ಬರುವ ದಿನ ನಾನು ಡ್ರಮ್ಮು, ಕೊಡ, ಬಕೆಟ್ಟುಗಳನ್ನು ಸಾಲಾಗಿ ಇಟ್ಟುಕೊಂಡು ಹೊಸ್ತಿಲ ಮೇಲೆ ಕಿವಿಗೊಟ್ಟು ಕೂರಬೇಕು. ನಲ್ಲಿಯಲ್ಲಿ ಮೊದಲು ಗಾಳಿಯ ಸದ್ದು ಬರುತ್ತದೆ, ಆಮೇಲೆ ಕೆಂಪು ನೀರು, ಆಮೇಲೆ ಕುಡಿಯುವ ನೀರು. ಆ ದಿನ ಮಹಿಳಾ ಕೂಟಕ್ಕೆ ಹೋಗದಿದ್ದರೆ ಮಾರ್ಥಳ ಹಾಗೆ ಕೆಲಸದಲ್ಲೇ ಮುಳುಗಿರಬೇಡಿ, ಮರಿಯಳ ಹಾಗೆ ಯೇಸುವಿನ ಪಾದದ ಬಳಿ ಕುಳಿತುಕೊಳ್ಳಿ ಎಂದು ಉಪದೇಶ ಸಿಗುತ್ತದೆ. ಉಪದೇಶ ಮಾಡಿದವರ ಮನೆಯಲ್ಲಿ ಆ ಹೊತ್ತಿಗೆ ಡ್ರಮ್ಮು ತುಂಬಿಸುವವರು ಯಾರೋ ಇದ್ದೇ ಇರುತ್ತಾರೆ.

ಆದರೆ ಯೋಹಾನನ 4ನೆಯ ಅಧ್ಯಾಯದಲ್ಲಿ ಯೇಸು ಪ್ರಯಾಣದಿಂದ ದಣಿದು ಬಾವಿಯ ಬಳಿ ಕುಳಿತಿದ್ದನು, ಮಧ್ಯಾಹ್ನದ ಹೊತ್ತಿನಲ್ಲಿ ನೀರಿಗೆಂದು ಬಂದ ಸಮಾರ್ಯದ ಹೆಂಗಸಿನೊಡನೆ ಆತನು ಅಷ್ಟು ದೀರ್ಘವಾಗಿ ಮಾತನಾಡಿದನು. ಅವಳನ್ನು ಮೊದಲು ಕೊಡ ಬಿಟ್ಟು ದೇವಾಲಯಕ್ಕೆ ಹೋಗು ಎನ್ನಲಿಲ್ಲ. ನೀರಿಗೆ ಕಾಯುವ ಹೆಂಗಸರಿಗೆ ಇದಕ್ಕಿಂತ ದೊಡ್ಡ ಸುವಾರ್ತೆ ಬೇಕಾಗಿಲ್ಲ. ಈಗ ಬೀದಿಯ ಹೆಂಗಸರು ಕಾಯುತ್ತಾ ಕುಳಿತಾಗ ಒಬ್ಬರ ಕಷ್ಟ ಒಬ್ಬರು ಕೇಳುತ್ತೇವೆ. ಕೂಟದಲ್ಲಿ ಬಾಯಿ ಬಿಡದವರೂ ಅಲ್ಲಿ ಮಾತಾಡುತ್ತಾರೆ.

ಜಪಸರದ ಅಜ್ಜಿಯ ಮೊಮ್ಮಗ:

ಕಥೋಲಿಕರ ಕಡೆಯಿಂದಲೂ ಒಂದು ಮಾತು ಸೇರಿಸಬಹುದೇ? ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದವರಿಗೆ ಬರೆದ ನಿಯಮದಲ್ಲಿ ದಿನವನ್ನು ಪ್ರಾರ್ಥನೆ, ಕೈಕೆಲಸ, ಓದು ಎಂದು ಹಂಚಿದ್ದಾರೆ. ಸೋಮಾರಿತನ ಆತ್ಮಕ್ಕೆ ವೈರಿ ಎಂಬ ಮಾತೂ ಅದರಲ್ಲೇ ಇದೆ. ಆದ್ದರಿಂದ ವೇಳಾಪಟ್ಟಿ ಎಂದೊಡನೆ ಅದನ್ನು ಲೌಕಿಕವೆಂದು ತಳ್ಳಿಹಾಕಲಾಗದು. ಆದರೆ ಆ ನಿಯಮದಲ್ಲೇ ಎಲ್ಲಕ್ಕಿಂತ ಮೊದಲು ರೋಗಿಗಳನ್ನು ಕ್ರಿಸ್ತನೆಂದೇ ತಿಳಿದು ಆರೈಕೆ ಮಾಡಬೇಕೆಂದಿದೆ. ಮಠದ ಗಂಟೆ ಎಲ್ಲರಿಗೂ ಸಮವಾಗಿ ಬಾರಿಸುತ್ತಿತ್ತು, ಅಲ್ಲಿ ಅಡುಗೆಯ ಸರದಿಯೂ ಎಲ್ಲರಿಗೂ ಬರುತ್ತಿತ್ತು. ನಮ್ಮ ಮನೆಗಳಲ್ಲಿ ಗಂಟೆ ಒಬ್ಬರಿಗೆ, ಸರದಿ ಇನ್ನೊಬ್ಬರಿಗೆ. ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಮುಂಚಿನ ನೊವೆನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆಯ, ದಿನಗಳಲ್ಲಿ ನಮ್ಮ ಅಜ್ಜಿ ಜಪಸರ ಹಿಡಿದು ಬಟಾಣಿ ಬಿಡಿಸುತ್ತಾ ಕೂರುತ್ತಿದ್ದರು. ಅವರನ್ನು ಆ ಹಾಳೆ ತುಂಬಲು ಕೂರಿಸಿದ್ದರೆ ಮೂರು ಅಂಕಣಗಳಿಗೂ ಅಡ್ಡಗೆರೆ ಎಳೆದುಬಿಡುತ್ತಿದ್ದರು.

ಬಾತಿಯಿಂದ ಬರುವವನು:

ಎಲ್ಲರೂ ಸದಸ್ಯರ ಸಮಯದ ಬಗ್ಗೆ ಬರೆದಿರಿ, ಸಭೆಗಳೇ ಹಾಳು ಮಾಡುವ ಸಮಯದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಮ್ಮಲ್ಲಿ ಆರಾಧನೆ ಒಂಬತ್ತೂವರೆಗೆ ಎಂದು ಫಲಕದಲ್ಲಿದೆ. ಒಂಬತ್ತೂವರೆಗೆ ಮೈಕಿನವನು ತಂತಿ ಜೋಡಿಸುತ್ತಿರುತ್ತಾನೆ. ಹತ್ತರ ಮೇಲೆ ಗಾಯಕರು ಬರುತ್ತಾರೆ. ಮುಖ್ಯ ಅತಿಥಿಗಳು ಬರುವ ತನಕ ಇನ್ನೊಂದು ಗೀತೆ, ಅವರು ಬಂದ ಮೇಲೆ ಹಾರ, ಪರಿಚಯ, ಶಾಲು. ಕೊನೆಯಲ್ಲಿ ಪ್ರಕಟಣೆಗಳೇ ಅರ್ಧ ಗಂಟೆ, ಅವು ಈಗಾಗಲೇ ವಾಟ್ಸಾಪ್ ಗುಂಪಿನಲ್ಲಿ ಬಂದಿರುತ್ತವೆ. ಹಳ್ಳಿಗಳಿಂದ ಬಸ್ಸು ಹಿಡಿದು ಬರುವವರು ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡು ಸಂಜೆಯ ತನಕ ನಿಲ್ದಾಣದಲ್ಲಿ ಕೂರುತ್ತಾರೆ. ಕಾಲವನ್ನು ಬೆಲೆಯುಳ್ಳದ್ದೆಂದು ತಿಳಿಯಿರಿ ಎಂಬ ಪ್ರಸಂಗವೂ ನಮ್ಮಲ್ಲಿ ತಡವಾಗಿಯೇ ಆರಂಭವಾಯಿತು.

ಹಳೇ ಗಿರಣಿಯವನು:

ಗಿರಣಿಯಲ್ಲಿ ಸೈರನ್ ಕೂಗಿದ ಮೇಲೆ ಬಂದವನ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಇಲ್ಲಿ ತಡವಾಗಿ ಬಂದವರಿಗೆ ಶಾಲು.

ಯೌವನಸ್ಥರ ಮುಖಂಡ, ಹರಿಹರ:

ಇದನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ, ನಮ್ಮ ಸಮಿತಿಯಲ್ಲಿ ಇದಕ್ಕಾಗಿ ಜಗಳವನ್ನೂ ಆಡಿದ್ದೇನೆ. ಆದರೆ ವೇಳೆಗೆ ಸರಿಯಾಗಿ ಆರಂಭಿಸಬೇಕೆಂದರೂ ಕೊನೆಗೆ ಬೇಕಾಗುವುದು ಗಡಿಯಾರ ನೋಡುವ ಶಿಸ್ತೇ ಅಲ್ಲವೇ? ಶಿಸ್ತು ಬಡವರ ಪರವಾಗಿಯೂ ಕೆಲಸ ಮಾಡುತ್ತದೆ. ಹಾಳೆಯನ್ನು ಮುಖಂಡರಿಗೆ ಒಪ್ಪಿಸುವುದನ್ನು ನಮ್ಮಲ್ಲಿ ನಿಲ್ಲಿಸಬೇಕೆಂದು ಈಗ ನನಗೂ ಅನಿಸುತ್ತಿದೆ, ಪ್ರತಿಯೊಬ್ಬರೂ ತಾವೇ ಬರೆದು ತಾವೇ ಇಟ್ಟುಕೊಳ್ಳಲಿ. ಮೊಬೈಲಿನ ಬಗ್ಗೆ ಮಾತ್ರ ನಾನು ಪಟ್ಟು ಬಿಡುವುದಿಲ್ಲ. ಅಲ್ಲಿ ಕಳೆದ ಗಂಟೆಯಲ್ಲಿ ಅಪ್ಪನೂ ಇಲ್ಲ, ರೋಗಿಯೂ ಇಲ್ಲ, ನೀರಿಗೆ ಬಂದ ನೆರೆಯವಳೂ ಇಲ್ಲ.

ದುರ್ಗದ ಗೃಹಿಣಿ:

ತಮ್ಮ, ದುಬೈಗೆ ದುಡಿಯಲು ಹೋದ ಮಗನ ಮುಖವನ್ನು ನಾನು ನೋಡುವುದು ಅದೇ ಮೊಬೈಲಿನಲ್ಲಿ. ಅದನ್ನೂ ಒಂದೇ ಮಾತಿನಲ್ಲಿ ತೀರ್ಮಾನಿಸಬೇಡಿ.

ವಿನೋಬನಗರದವಳು, ದಾವಣಗೆರೆ:

ಇಷ್ಟು ಉತ್ತರಗಳು ಬರುತ್ತವೆಂದು ಎಣಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರು ಹೇಳಿದ ಮಾರ್ಕನ 7ನೆಯ ಅಧ್ಯಾಯವನ್ನು ನಮ್ಮ ಮುಖಂಡರಿಗೆ ತೋರಿಸಿದೆ. ಅವರು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಬುಧವಾರದ ಪ್ರಾರ್ಥನಾ ಕೂಟವನ್ನು ತಿಂಗಳಿಗೊಮ್ಮೆ ನಿಮ್ಮ ಮನೆಯಲ್ಲೇ ನಡೆಸೋಣವೇ ಎಂದು ಕೇಳಿದರು. ಅಮ್ಮನಿಗೆ ಇದು ಸಂತೋಷ. ನನಗೆ ಅರ್ಧ ಸಂತೋಷ, ಅರ್ಧ ಭಯ: ಇಪ್ಪತ್ತು ಜನ ಬಂದು ಗಟ್ಟಿಯಾಗಿ ಹಾಡಿದರೆ ಅಪ್ಪನಿಗೆ ಕಿರಿಕಿರಿಯಾಗಬಹುದು.

ರಾತ್ರಿಪಾಳಿ ಸಿಸ್ಟರ್:

ಮಾತು ಹೋದವರಲ್ಲಿ ಕೆಲವರು ಮೊದಲಿನಿಂದ ಬಾಯಿಪಾಠವಿರುವ ಹಾಡನ್ನು ಪದಗಳ ಸಮೇತ ಹಾಡುವುದುಂಟು, ವಾರ್ಡಿನಲ್ಲಿ ನೋಡಿದ್ದೇನೆ. ಕಡಿಮೆ ಜನ ಬರಲಿ, ಮೈಕು ಬೇಡ, ಅಪ್ಪನಿಗೆ ಚೆನ್ನಾಗಿ ಗೊತ್ತಿರುವ ಹಳೆಯ ಕೀರ್ತನೆಗಳನ್ನು ನಿಧಾನವಾಗಿ ಹಾಡಿ ನೋಡಿ. ಅವರು ದಣಿದಂತೆ ಕಂಡರೆ ಕೂಟವನ್ನು ಅಲ್ಲಿಗೇ ಮುಗಿಸುತ್ತೇವೆಂದು ಮೊದಲೇ ಮಾತು ಪಡೆದುಕೊಳ್ಳಿ.

ದೋಸೆ ಹೋಟೆಲಿನವನು, ದಾವಣಗೆರೆ:

ಸಹೋದರಿಯವರ ವಿಷಯ ಬಗೆಹರಿಯುತ್ತಿರುವುದು ಸಂತೋಷ. ನನ್ನದು ಬಾಕಿ ಇದೆ. ಭಾನುವಾರ ನನಗೆ ಬಿಡುವು ಸಿಗುವ ಸೂಚನೆಯಿಲ್ಲ. ಮಂಗಳವಾರ ಕೂಟ ನಡೆಸುವವರು ಊರಿನಲ್ಲಿ ಯಾರಾದರೂ ಇದ್ದರೆ ತಿಳಿಸಿ, ನನ್ನ ಹಾಗೆಯೇ ಹೋಟೆಲು, ಬೇಕರಿಗಳಲ್ಲಿ ದುಡಿಯುವ ಇನ್ನೂ ಮೂರ್ನಾಲ್ಕು ಹುಡುಗರನ್ನು ಕರೆತರುತ್ತೇನೆ.

ಬಾತಿಯಿಂದ ಬರುವವನು:

ನಾವು ಮೂರು ಮನೆಯವರು ಮಂಗಳವಾರ ಸಂಜೆ ಸೇರುತ್ತೇವೆ, ಅಣ್ಣ. ಏಳೂವರೆ ಎಂದರೆ ಏಳೂವರೆಗೇ ಆರಂಭ, ಒಂದು ಗಂಟೆಯಲ್ಲಿ ಮುಗಿಸಿ ಊಟಕ್ಕೆ ಕೂರುತ್ತೇವೆ. ಖಾಸಗಿ ಸಂದೇಶದಲ್ಲಿ ವಿಳಾಸ ಕಳಿಸಿದ್ದೇನೆ. ಹುಡುಗರು ಎಷ್ಟು ಜನ ಎಂದು ಸೋಮವಾರವೇ ತಿಳಿಸಿ, ಮನೆಯಲ್ಲಿ ಮುದ್ದೆಗೆ ಹಿಟ್ಟು ಅಳೆಯಬೇಕು.